ಕ್ರಿಸ್‌ಮಸ್ಸಿಗೆ ಮಲೆನಾಡಿನದೇ ಹಣ್ಣಿನ ಬ್ರೆಡ್

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಕ್ರಿಸ್‌ಮಸ್ ಕೇಕ್ ಮಾಡುವ ವಿಧಾನಗಳು ಅಚ್ಚಾಗತೊಡಗುತ್ತವೆ. ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆಸಿಟ್ಟ ಹಣ್ಣುಗಳು, ಅರ್ಧ ಡಜನ್ ಮೊಟ್ಟೆ, ಬೀಟರ್, ಓವನ್ ಇವೆಲ್ಲ ಇರುವ ಮನೆಗಳಿಗೆ ಅವು ಉಪಯುಕ್ತವೇ ಹೌದು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹಬ್ಬ ಆಚರಿಸುವ ನಮ್ಮಂಥ ಕುಟುಂಬಗಳಿಗೆ ಇದಕ್ಕಿಂತ ಸರಳವೂ ನಮ್ಮ ಹಿತ್ತಿಲಿಗೆ ಹತ್ತಿರವೂ ಆದ ಇನ್ನೊಂದು ತಿನಿಸು ಇದೆ. ಅದು ಯೀಸ್ಟ್ ಹಾಕಿ ಉಬ್ಬಿಸಿ ಬೇಯಿಸುವ, ಮಸಾಲೆಯ ಪರಿಮಳವಿರುವ ಹಣ್ಣಿನ ಬ್ರೆಡ್. ಕೇಕಿನ ಅಬ್ಬರದಲ್ಲಿ ಅದಕ್ಕೆ ನಿಮ್ಮ ಪುಟಗಳಲ್ಲಾಗಲಿ ಊರಿನ ಬೇಕರಿಗಳ ಕಪಾಟಿನಲ್ಲಾಗಲಿ ಜಾಗ ಸಿಗುತ್ತಿಲ್ಲವೆಂಬುದೇ ಈ ಪತ್ರ ಬರೆಯಲು ಕಾರಣ. ಪತ್ರ ಸ್ವಲ್ಪ ಉದ್ದವಾಗಿದೆ; ಅಳತೆಗಳನ್ನು ಬಿಟ್ಟು ಅಡುಗೆಯ ವಿಷಯ ಬರೆದರೆ ಪ್ರಯೋಜನವಿಲ್ಲವಾದ್ದರಿಂದ ದಯವಿಟ್ಟು ಸಹಿಸಿಕೊಳ್ಳಬೇಕು.

ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬದ ತಿಂಡಿಗಳ ತಟ್ಟೆಗೆ ಕುಸ್ವಾರ್ ಎನ್ನುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಅಚ್ಚಿನಲ್ಲಿ ಕರಿದ ಗುಲಾಬಿ ಹೂವಿನ ಬಿಸ್ಕತ್ತು ಇವೆಲ್ಲ ಅದರಲ್ಲಿ ಇರುತ್ತವೆ. ಹಬ್ಬದ ಮರುದಿನದೊಳಗೆ ಈ ತಟ್ಟೆ ನೆರೆಮನೆಗಳಿಗೆ ಹೋಗಲೇಬೇಕು, ಏಕೆಂದರೆ ದೀಪಾವಳಿಗೆ ಹೋಳಿಗೆಯೂ ಗಣೇಶನ ಹಬ್ಬಕ್ಕೆ ಚಕ್ಕುಲಿಯೂ ಆ ಮನೆಗಳಿಂದಲೇ ನಮ್ಮಲ್ಲಿಗೆ ಬಂದಿರುತ್ತವೆ. ಮಲೆನಾಡಿನಲ್ಲಿ ನೆರೆಯವರೆಂದರೆ ಬಹಳ ಕಡೆ ಮೊಟ್ಟೆ ಮುಟ್ಟದವರು. ಆದ್ದರಿಂದ ಎಲ್ಲ ತಿಂಡಿಯನ್ನೂ ಸಂತೋಷದಿಂದ ತೆಗೆದುಕೊಂಡು ಕೇಕಿನ ತುಂಡನ್ನು ಮಾತ್ರ ಸಂಕೋಚದಿಂದ ಪಕ್ಕಕ್ಕೆ ಸರಿಸುವುದು ಇಲ್ಲಿ ಎಲ್ಲರೂ ಕಂಡಿರುವ ಸಂಗತಿ. ಬೇಲಿಯಾಚೆಯ ಹಿರಿಯರೊಬ್ಬರು ಪ್ರತಿ ವರ್ಷ ತಟ್ಟೆ ಕೈಗೆತ್ತಿಕೊಳ್ಳುವ ಮೊದಲು ‘ಇದಕ್ಕೆ ಮೊಟ್ಟೆ ಹಾಕಿಲ್ಲ ಅಲ್ವನೇ?’ ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಕೇಕನ್ನು ಉಬ್ಬಿಸಲು ಮತ್ತು ಹಿಡಿದಿಡಲು ಮೊಟ್ಟೆ ಬೇಕಾಗುತ್ತದೆ. ಅದನ್ನು ಬಿಟ್ಟು ಮಾಡಲು ಹೊರಟರೆ ಮೊಸರು, ಸೋಡಾ, ಮಿಲ್ಕ್‌ಮೇಡ್ ಎಂದು ಬದಲಿಗಳ ಸರಮಾಲೆ ಶುರುವಾಗುತ್ತದೆ. ಬ್ರೆಡ್ಡಿನಲ್ಲಿ ಆ ಕೆಲಸವನ್ನು ಯೀಸ್ಟೂ ಗೋಧಿಯ ಜಿಗುಟೂ ಮಾಡುವುದರಿಂದ ಮೊಟ್ಟೆಯ ಪ್ರಶ್ನೆಯೇ ಬರುವುದಿಲ್ಲ. ಹಂಚಿ ತಿನ್ನುವ ಹಬ್ಬಕ್ಕೆ ಎಲ್ಲರೂ ತಿನ್ನಬಹುದಾದ ತಿನಿಸು ಮೇಲಲ್ಲವೇ?

ಹೀಗೆ ಹೇಳಿದಾಗ, ಕ್ರಿಸ್‌ಮಸ್ ಎಂದರೆ ಕೇಕೇ, ಬ್ರೆಡ್ ತಂದರೆ ಹಬ್ಬದ ಕಳೆ ಹೋಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಅವರು ಯುರೋಪಿನ ಕಡೆ ಒಮ್ಮೆ ನೋಡಬೇಕು. ಇಟಲಿಯ ಮಿಲಾನಿನ ಪನೆಟ್ಟೋನೆ ಯೀಸ್ಟಿನಿಂದ ಉಬ್ಬಿದ ಹಣ್ಣಿನ ಬ್ರೆಡ್ಡೇ, ಶುಭ ಶುಕ್ರವಾರಕ್ಕೆ ಇಂಗ್ಲೆಂಡಿನಲ್ಲಿ ತಿನ್ನುವ ಶಿಲುಬೆ ಗುರುತಿನ ಬನ್ನೂ ಅದೇ ಜಾತಿಯದು. ಐರ್ಲೆಂಡಿನವರು ಒಣಹಣ್ಣನ್ನು ಹಾಲಿಲ್ಲದ ಚಹಾದಲ್ಲಿ ನೆನೆಸಿ ಬಾರ್ಮ್‌ಬ್ರ್ಯಾಕ್ ಮಾಡುತ್ತಾರೆ. ಜರ್ಮನಿಯ ಡ್ರೆಸ್ಡೆನ್ ನಗರದ ಷ್ಟೊಲ್ಲನ್ ಕ್ರಿಸ್‌ಮಸ್ಸಿನದೇ ಬ್ರೆಡ್, ಅದರ ಹಿಂದೊಂದು ಸ್ವಾರಸ್ಯದ ಇತಿಹಾಸವೂ ಇದೆ. ಕ್ರಿಸ್‌ಮಸ್ಸಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷಿದ್ಧವಾಗಿದ್ದುದರಿಂದ ಅಲ್ಲಿನವರು ಎಣ್ಣೆ ಹಾಕಿ ಒಣಕಲು ಬ್ರೆಡ್ ಮಾಡುತ್ತಿದ್ದರು. ಬೆಣ್ಣೆಗೆ ಅನುಮತಿ ಕೊಡಿ ಎಂದು ಆಳುವವರು ರೋಮಿಗೆ ಮನವಿ ಮಾಡಿದ ಮೇಲೆ, 1491ರಲ್ಲಿ ಎಂಟನೆಯ ಇನ್ನೋಸೆಂಟ್ ಪೋಪರು ಕಾಣಿಕೆಯ ಷರತ್ತಿನೊಂದಿಗೆ ಅನುಮತಿ ಪತ್ರ ಕಳುಹಿಸಿದರು. ಬೆಣ್ಣೆಗಾಗಿ ರೋಮಿನವರೆಗೆ ಅರ್ಜಿ ಹೋದ ತಿನಿಸನ್ನು ಹಬ್ಬಕ್ಕೆ ಸಾಲದ್ದು ಎನ್ನಲಾಗದು.

ನಮ್ಮ ನೆರೆಯಲ್ಲೇ ಇನ್ನೊಂದು ನಿದರ್ಶನವಿದೆ. ಕೇರಳದ ತಲಶ್ಶೇರಿಯಲ್ಲಿ ಬೇಕರಿ ನಡೆಸುತ್ತಿದ್ದ ಮಾಂಬಳ್ಳಿ ಬಾಪು ಅವರು 1883ರಲ್ಲಿ ಮರ್ಡಕ್ ಬ್ರೌನ್ ಎಂಬ ತೋಟಗಾರ ದೊರೆ ಇಂಗ್ಲೆಂಡಿನಿಂದ ತಂದ ಕೇಕಿನ ರುಚಿ ನೋಡಿ, ಅದರಂತೆಯೇ ಒಂದನ್ನು ಮಾಡಿಕೊಟ್ಟರೆಂದು ಪ್ರತೀತಿ. ದೊರೆ ಹೇಳಿದ ಫ್ರೆಂಚ್ ಬ್ರಾಂದಿಯ ಬದಲು ಗೇರುಹಣ್ಣು ಮತ್ತು ಬಾಳೆಹಣ್ಣಿನಿಂದ ಮಾಡಿದ ಊರ ಮದ್ಯವನ್ನು ಅವರು ಬಳಸಿದರಂತೆ. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಎಂದು ಹೆಸರಾದದ್ದು ಹೀಗೆ ಊರಿನ ಸಾಮಗ್ರಿಯಿಂದಲೇ ರುಚಿ ಪಡೆದುಕೊಂಡಿತೆಂಬುದನ್ನು ಇಂದಿನ ನಮ್ಮ ಬೇಕರಿಗಳು ಮರೆತಂತಿದೆ.

ಈಗ ಬೇಕರಿಯ ಪ್ಲಮ್ ಕೇಕಿನಲ್ಲಿ ಕಾಣುವ ಕೆಂಪು, ಹಸಿರು, ಹಳದಿ ಚೂರುಗಳೇನೆಂದು ಹೆಚ್ಚಿನವರಿಗೆ ಗೊತ್ತಿದೆ. ಎಳೆ ಪಪ್ಪಾಯಿಕಾಯಿಯನ್ನು ಹೆಚ್ಚಿ, ಬೇಯಿಸಿ, ಬಣ್ಣ ಹಾಕಿದ ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದ ಟೂಟಿಫ್ರೂಟಿ ಅದು. ಪಪ್ಪಾಯಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಸಿಹಿ ಬಿಟ್ಟರೆ ಅದರಲ್ಲಿ ಬೇರೆ ರುಚಿಯಿಲ್ಲ, ಪರಿಮಳವಂತೂ ಇಲ್ಲವೇ ಇಲ್ಲ. ಷ್ಟೊಲ್ಲನ್‌ಗೆ ಪರಿಮಳ ಕೊಡುವುದು ಸಕ್ಕರೆ ಪಾಕದಲ್ಲಿ ಬೇಯಿಸಿದ ಮಾದಲ ಹಣ್ಣಿನ ದಪ್ಪ ಸಿಪ್ಪೆ. ಅಲ್ಲಿನವರು ಮೆಡಿಟರೇನಿಯನ್ ತೀರದಿಂದ ದುಡ್ಡು ಕೊಟ್ಟು ತರಿಸುವ ಆ ಮಾದಲ ನಮ್ಮ ಅಡಿಕೆ ತೋಟಗಳ ಅಂಚಿನಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ ಇನ್ನೂ ಉಳಿದಿದೆ. ಉಪ್ಪಿನಕಾಯಿಗೋ ಗೊಜ್ಜಿಗೋ ಒಂದೆರಡು ಕಿತ್ತರೆ ಉಳಿದವು ಮರದ ಬುಡದಲ್ಲೇ ಕೊಳೆಯುತ್ತವೆ.

ಅದನ್ನು ಹದ ಮಾಡುವ ಕ್ರಮ ಕಷ್ಟದ್ದಲ್ಲ, ತಾಳ್ಮೆಯದ್ದು ಮಾತ್ರ. ಹಣ್ಣನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ಒಳಗಿನ ಹುಳಿ ತೊಳೆಗಳನ್ನು ಸಾರಿಗೆ ಎತ್ತಿಟ್ಟು, ಬಿಳಿ ಭಾಗದ ಸಮೇತ ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲಬೇಕು. ಹೀಗೆ ಎರಡು ಮೂರು ಸಲ ನೀರು ಬದಲಿಸಿದರೆ ಕಹಿ ಇಳಿಯುತ್ತದೆ, ಪರಿಮಳ ಉಳಿಯುತ್ತದೆ. ಬಿಳಿ ಭಾಗಕ್ಕೆ ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾದ ಮೇಲೆ ಸಿಪ್ಪೆಯ ತೂಕದಷ್ಟೇ ಸಕ್ಕರೆ ಹಾಕಿ ಮಾಡಿದ ತೆಳು ಪಾಕದಲ್ಲಿ ಮುಳುಗಿಸಿಟ್ಟು, ದಿನಕ್ಕೊಮ್ಮೆ ಪಾಕವನ್ನು ಮಾತ್ರ ಬಸಿದು, ಕುದಿಸಿ, ಮತ್ತೆ ಸುರಿಯುತ್ತ ಬಂದರೆ ಒಂದು ವಾರದೊಳಗೆ ಬಿಳಿ ಭಾಗ ಗಾಜಿನಂತೆ ಪಾರದರ್ಶಕವಾಗುತ್ತದೆ. ಮೊದಲ ದಿನವೇ ಗಟ್ಟಿ ಪಾಕದಲ್ಲಿ ಹಾಕಿ ಅವಸರ ಮಾಡಿದರೆ ಸಿಪ್ಪೆಯೊಳಗಿನ ನೀರು ಹೊರಬಂದು ಅದು ಮುದುಡಿ ಗಟ್ಟಿಯಾಗುವುದರಿಂದ ದಿನಕ್ಕಷ್ಟಷ್ಟೇ ಪಾಕ ಏರಿಸುವುದು ಅಗತ್ಯ. ಮಾದಲ ಸಿಗದವರು ಕಿತ್ತಳೆ ಅಥವಾ ಹೇರಳೆಕಾಯಿಯ ಸಿಪ್ಪೆಯಲ್ಲೂ ಇದನ್ನು ಮಾಡಬಹುದು, ಹೇರಳೆಗೆ ಇನ್ನೊಂದು ಸಲ ಹೆಚ್ಚಿಗೆ ನೀರು ಬದಲಿಸಬೇಕಾದೀತು.

ಇನ್ನು ಅನಾನಸ್. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಶಿವಮೊಗ್ಗ ಜಿಲ್ಲೆಯ ಪಾಲಿಗೆ ಬಂದಿರುವುದು ಇದೇ ಹಣ್ಣು. ಸೊರಬ, ಸಾಗರದ ಕಡೆಯ ಹಣ್ಣು ಲಾರಿಗಳಲ್ಲಿ ಉತ್ತರಕ್ಕೆ ಹೋಗುತ್ತದೆ, ನಮ್ಮ ಬೇಕರಿಗಳಿಗೆ ಮಾತ್ರ ಎಸೆನ್ಸಿನ ಬಾಟಲಿ ಬರುತ್ತದೆ! ಒಣ ಅನಾನಸ್ ಬ್ರೆಡ್ಡಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಹಸಿ ಅನಾನಸ್ಸಿನಲ್ಲಿ ಬ್ರೋಮಲೈನ್ ಎಂಬ ಕಿಣ್ವವಿರುತ್ತದೆ, ಅದು ಪ್ರೋಟೀನನ್ನು ಕತ್ತರಿಸುವ ಜಾತಿಯದು. ಹೆಚ್ಚು ಅನಾನಸ್ ತಿಂದಾಗ ನಾಲಿಗೆ ಉರಿಯುವುದರಲ್ಲಿ ಅದರ ಪಾಲಿದೆ. ಹಸಿ ಹೋಳುಗಳನ್ನು ಹಾಗೆಯೇ ಹಿಟ್ಟಿಗೆ ಬೆರೆಸಿದರೆ ನಾದಿ ಕಟ್ಟಿದ ಜಿಗುಟೆಲ್ಲ ಸಡಿಲವಾಗಿ ಹಿಟ್ಟು ಅಂಟಂಟಾಗುತ್ತದೆ, ಬ್ರೆಡ್ ಮೇಲೇಳುವುದಿಲ್ಲ. ಬರಿಯ ಬಿಸಿಲಿನಲ್ಲಿ ಒಣಗಿಸಿದರೂ ಈ ಕಿಣ್ವ ಪೂರ್ತಿ ಸಾಯುವುದಿಲ್ಲ. ಹೋಳುಗಳನ್ನು ಸ್ವಲ್ಪ ಸಕ್ಕರೆಯೊಂದಿಗೆ ಚೆನ್ನಾಗಿ ಕುದಿಸಿ, ಆಮೇಲೆ ಒಣಗಿಸಿಟ್ಟುಕೊಂಡರೆ ತೊಂದರೆಯಿಲ್ಲ. ಪುರವಣಿಗಳಲ್ಲಿ ‘ನಿಮಗಿಷ್ಟವಾದ ಯಾವುದೇ ಹಣ್ಣು ಸೇರಿಸಿ’ ಎಂದು ಸಲೀಸಾಗಿ ಬರೆಯುವವರು ಈ ಒಂದು ವಾಕ್ಯವನ್ನು ಸೇರಿಸಿದ್ದರೆ ಎಷ್ಟೋ ಮನೆಗಳಲ್ಲಿ ಹಿಟ್ಟು ಹಾಳಾಗುವುದು ತಪ್ಪುತ್ತಿತ್ತು.

ಯಲ್ಲಾಪುರದ ಕಡೆಯ ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ಖರ್ಜೂರದ ಜಾಗದಲ್ಲಿ ಸೊಗಸಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಮಾಡಿಟ್ಟ ಮಾವಿನ ಮಾಂಬಳವನ್ನೂ ಸಣ್ಣಗೆ ಕತ್ತರಿಸಿ ಹಾಕಬಹುದು. ಒಣದ್ರಾಕ್ಷಿ ಮಾತ್ರ ವಿಜಯಪುರದ ಕಡೆಯಿಂದ ಬರಬೇಕು, ಅದೂ ನಮ್ಮ ರಾಜ್ಯದ್ದೇ.

ಮಸಾಲೆಯ ಬಗ್ಗೆ ಮಲೆನಾಡಿನವರಿಗೆ ಹೊರಗಿನಿಂದ ಯಾರೂ ಹೇಳಿಕೊಡಬೇಕಾಗಿಲ್ಲ. ಏಲಕ್ಕಿ, ಚಕ್ಕೆ, ಲವಂಗ, ಜಾಯಿಕಾಯಿ, ಕಾಳುಮೆಣಸು, ಒಣಶುಂಠಿ ಎಲ್ಲವೂ ತೋಟದಲ್ಲೋ ಪಕ್ಕದ ಅಂಗಡಿಯಲ್ಲೋ ಸಿಗುತ್ತವೆ. ಅಂಗಡಿಯಿಂದ ಜಾಪತ್ರೆ ತರುವವರು ಮೂಸಿ ನೋಡಿ ತರುವುದೊಳ್ಳೆಯದು, ಏಕೆಂದರೆ ಪರಿಮಳವೇ ಇಲ್ಲದ ರಾಮಪತ್ರೆ ಎಷ್ಟೋ ಸಲ ಅದರೊಂದಿಗೆ ಬೆರೆತಿರುತ್ತದೆ. ಆದರೆ ಮಸಾಲೆ ಹೆಚ್ಚಾದಷ್ಟೂ ರುಚಿ ಹೆಚ್ಚು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚಕ್ಕೆ ಮತ್ತು ಲವಂಗದ ತೈಲಗಳು ಸೂಕ್ಷ್ಮಜೀವಿಗಳನ್ನು ತಡೆಯುವಂಥವು, ಯೀಸ್ಟೂ ಒಂದು ಸೂಕ್ಷ್ಮಜೀವಿಯೇ ಆದ್ದರಿಂದ ಅವುಗಳ ಪುಡಿ ಅತಿಯಾದರೆ ಹಿಟ್ಟು ಉಬ್ಬಲು ತಡಮಾಡುತ್ತದೆ. ಪುಡಿಯನ್ನು ಹಿಟ್ಟಿಗೆ ಹಾಕುವ ಬದಲು ನೆನೆದ ಹಣ್ಣಿಗೆ ಸವರಿ, ಮೊದಲ ಸಲ ಉಬ್ಬಿದ ಮೇಲೆ ಬೆರೆಸುವುದು ಇದಕ್ಕೆ ಸುಲಭದ ಉಪಾಯ.

ಅಳತೆಗಳು ಹೀಗಿವೆ. ಮೈದಾ 350 ಗ್ರಾಂ, ಗೋಧಿಹಿಟ್ಟು 150 ಗ್ರಾಂ, ಇನ್‌ಸ್ಟಂಟ್ ಒಣ ಯೀಸ್ಟ್ 7 ಗ್ರಾಂ, ಉಪ್ಪು 8 ಗ್ರಾಂ, ಬೆಣ್ಣೆ 50 ಗ್ರಾಂ, ಸಕ್ಕರೆ ಅಥವಾ ಜೋನಿಬೆಲ್ಲ 80 ಗ್ರಾಂ, ಹಾಲು ಸುಮಾರು 280 ಮಿಲಿ. ಹೊಸ ಜೋನಿಬೆಲ್ಲ ಸಾಮಾನ್ಯವಾಗಿ ಹಬ್ಬ ಕಳೆದ ಮೇಲೆ ಆಲೆಮನೆಯಿಂದ ಬರುವುದರಿಂದ ಕಳೆದ ವರ್ಷದ್ದನ್ನು ಸ್ವಲ್ಪ ಉಳಿಸಿಕೊಂಡಿರಬೇಕು, ಮತ್ತು ಅದು ನೀರಾಗಿರುವುದರಿಂದ ಹಾಲನ್ನು ಎರಡು ಚಮಚ ಕಡಿಮೆ ಮಾಡಬೇಕು. ಹಣ್ಣುಗಳೆಲ್ಲ ಸೇರಿ 250 ಗ್ರಾಂ: ಒಣದ್ರಾಕ್ಷಿ 120, ಅನಾನಸ್ 80, ಮಾದಲದ ಸಿಪ್ಪೆ 50. ಚಕ್ಕೆಪುಡಿ ಒಂದು ಚಮಚ, ಏಲಕ್ಕಿಪುಡಿ ಮುಕ್ಕಾಲು ಚಮಚ, ಕಾಲು ಜಾಯಿಕಾಯಿಯ ತುರಿ, ಮೂರು ಲವಂಗ, ಚಿಟಿಕೆ ಮೆಣಸಿನಪುಡಿ. ಇಲ್ಲಿ ಮೆಣಸೆಂದರೆ ಕಾಳುಮೆಣಸು.

ಒಣದ್ರಾಕ್ಷಿಯನ್ನು ಹಿಂದಿನ ರಾತ್ರಿಯೇ ಬಿಸಿ ಕಷಾಯದಲ್ಲಿ ನೆನೆಸಿಡಬೇಕು. ಐರಿಷರ ಚಹಾದ ಬದಲು ಶುಂಠಿ, ಏಲಕ್ಕಿ ಹಾಕಿ ಕುದಿಸಿದ ನಮ್ಮ ಕಷಾಯ ಇದಕ್ಕೆ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ, ರಮ್ಮಿನ ಕೊರತೆಯೂ ಕಾಣುವುದಿಲ್ಲ. ನೆನೆಸದೆ ಹಾಕಿದ ಒಣಹಣ್ಣು ಹಿಟ್ಟಿನ ನೀರನ್ನು ಹೀರಿಕೊಂಡು ಬ್ರೆಡ್ಡನ್ನು ಒಣಗಿಸುತ್ತದೆ, ನೆನೆಸಿ ಸರಿಯಾಗಿ ಬಸಿಯದಿದ್ದರೆ ಸುತ್ತಲಿನ ಹಿಟ್ಟು ಬೇಯದೆ ಮುದ್ದೆಯಾಗಿ ಉಳಿಯುತ್ತದೆ; ಆದ್ದರಿಂದ ಬಸಿದು ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಹಾಲು ಬೆಚ್ಚಗಿರಬೇಕು, ಬಿಸಿಯಿರಬಾರದು. ಕಿರುಬೆರಳು ಅದ್ದಿದರೆ ಹಿತವೆನಿಸುವಷ್ಟು ಸಾಕು, ಚುರುಕ್ಕೆನ್ನುವ ಹಾಲಿಗೆ ಯೀಸ್ಟ್ ಸತ್ತುಹೋಗುತ್ತದೆ. ಹಣ್ಣು, ಮಸಾಲೆ ಬಿಟ್ಟು ಉಳಿದುದನ್ನೆಲ್ಲ ಕಲಸಿ ಹತ್ತು ಹನ್ನೆರಡು ನಿಮಿಷ ನಾದಬೇಕು. ಒಂದು ಚೂರು ಹಿಟ್ಟನ್ನು ಬೆರಳುಗಳ ನಡುವೆ ಹಿಗ್ಗಿಸಿದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದರೆ ಹದ ಬಂದಂತೆ.

ಮಲೆನಾಡಿನ ಡಿಸೆಂಬರಿಗೆ ಹೊರಗಿನ ಪಾಕವಿಧಾನಗಳು ಹೊಂದದಿರುವುದು ಮುಖ್ಯವಾಗಿ ಇಲ್ಲಿಂದ ಮುಂದೆ. ‘ಒಂದು ಗಂಟೆ ಉಬ್ಬಲು ಬಿಡಿ’ ಎಂದು ಬೆಂಗಳೂರಿನ ಅಥವಾ ಮುಂಬಯಿಯ ಅಡುಗೆಮನೆಯಲ್ಲಿ ಕುಳಿತು ಬರೆದದ್ದು, ದೋಸೆಹಿಟ್ಟೇ ಬೆಳಗಿನವರೆಗೆ ಹುಳಿಯದ ಈ ಚಳಿಗೆ ಅನ್ವಯಿಸುವುದಿಲ್ಲ. ಗಡಿಯಾರ ನೋಡದೆ ಹಿಟ್ಟನ್ನು ನೋಡಬೇಕು. ಅದು ಎರಡರಷ್ಟಾಗುವವರೆಗೆ ಎಷ್ಟು ಹೊತ್ತಾದರೂ ಕಾಯಬೇಕು. ಅವಸರವಿದ್ದವರಿಗೆ ಬಚ್ಚಲ ಒಲೆಯ ಪಕ್ಕದ ಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ಒಲೆಗೆ ತೀರ ಹತ್ತಿರವಿಡದೆ, ಪಾತ್ರೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟರೆ ಹಂಡೆಯ ಬೆಚ್ಚನೆಯ ಹಬೆಯಲ್ಲಿ ಹಿಟ್ಟು ಹದವಾಗಿ ಮೇಲೇಳುತ್ತದೆ. ಅವಸರವಿಲ್ಲದವರು ಯೀಸ್ಟನ್ನು 3 ಗ್ರಾಮಿಗೆ ಇಳಿಸಿ ರಾತ್ರಿಯಿಡೀ ಬಿಡುವುದೇ ಮೇಲು, ಮೆಲ್ಲನೆ ಉಬ್ಬಿದ ಬ್ರೆಡ್ಡಿನ ರುಚಿಯೇ ಬೇರೆ. ಉಬ್ಬಿದ ಹಿಟ್ಟಿನ ಗಾಳಿ ಅದುಮಿ, ಮಸಾಲೆ ಸವರಿದ ಹಣ್ಣು ಬೆರೆಸಿ, ಬೆಣ್ಣೆ ಹಚ್ಚಿದ ಎರಡು ಅಚ್ಚುಗಳಲ್ಲಿ ಇಟ್ಟು, ಅಚ್ಚಿನ ಅಂಚಿನವರೆಗೆ ಮತ್ತೆ ಏಳಲು ಬಿಡಬೇಕು. ಮೇಲೆ ಇಣುಕುವ ದ್ರಾಕ್ಷಿಗಳನ್ನು ಒಳಕ್ಕೆ ಒತ್ತಿದರೆ ಒಳ್ಳೆಯದು, ಇಲ್ಲದಿದ್ದರೆ ಅವು ಸುಟ್ಟು ಕಹಿಯಾಗುತ್ತವೆ.

ಓವನ್ ಇರುವವರು 180 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 35ರಿಂದ 40 ನಿಮಿಷ ಬೇಯಿಸಲಿ. ಇಲ್ಲದವರಿಗೆ ಹಳೆಯ ದಪ್ಪ ತಳದ ಪಾತ್ರೆ ಸಾಕು. ತಳಕ್ಕೆ ಒಂದಂಗುಲ ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಚೆನ್ನಾಗಿ ಕಾಯಿಸಿ, ಆಮೇಲೆ ಅಚ್ಚನ್ನಿಟ್ಟು ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಮೇಲ್ಭಾಗ ಕೆಂಪಗಾಗಬೇಕೆಂದರೆ ಮುಚ್ಚಳದ ಮೇಲೆ ಕೆಂಡ ಹರಡುವ ಹಳೆಯ ಪದ್ಧತಿ ಇದ್ದೇ ಇದೆ. ಬ್ರೆಡ್ಡನ್ನು ಅಚ್ಚಿನಿಂದ ತೆಗೆದು ತಳಕ್ಕೆ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆಯೆಂದು ಅರ್ಥ. ಪೂರ್ತಿ ಆರುವ ಮುನ್ನ ಕೊಯ್ಯಬಾರದು. ಮಕ್ಕಳಿರುವ ಮನೆಯಲ್ಲಿ ಇದು ಪಾಲನೆಯಾಗದ ನಿಯಮವೆಂದು ನನಗೆ ಗೊತ್ತಿದೆ.

ಬೇಕರಿಗಳವರಿಗೆ ಎರಡು ಮಾತು. ಇಂಥ ಬ್ರೆಡ್ಡಿಗೆ ಅವರಲ್ಲಿ ಇಲ್ಲದ್ದು ಯಾವುದೂ ಇಲ್ಲ: ಯೀಸ್ಟ್, ನಾದುವ ಯಂತ್ರ, ದೊಡ್ಡ ಒಲೆ ಎಲ್ಲವೂ ಇವೆ, ದಿನನಿತ್ಯ ಬನ್ ಮಾಡುವ ಕೈಗಳೂ ಇವೆ. ಬ್ರೆಡ್ಡಿನ ಹಿಟ್ಟಿಗೆ ಹಿಂದೆ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತದಲ್ಲಿ 2016ರಲ್ಲಿ ನಿಷೇಧಿಸಲಾಯಿತು. ಹಿಟ್ಟಿಗೆ ಸಾಕಷ್ಟು ಹೊತ್ತು ಕೊಟ್ಟರೆ ಅಂಥ ಯಾವ ಪುಡಿಯ ಹಂಗೂ ಬೇಕಿಲ್ಲ. ಇನ್ನೊಂದು ಮೊಟ್ಟೆಯ ವಿಷಯ. ಪೊಟ್ಟಣ ಕಟ್ಟಿ ಮಾರುವ ತಿನಿಸಿನಲ್ಲಿ ಮೊಟ್ಟೆಯಿದ್ದರೆ ಕಂದು ಚೌಕದೊಳಗೆ ಕಂದು ತ್ರಿಕೋನ, ಸಸ್ಯಾಹಾರವಾದರೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇರಬೇಕೆಂದು ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಹಬ್ಬದ ಹೊತ್ತಿನಲ್ಲಿ ಬಿಳಿ ರಟ್ಟಿನ ಡಬ್ಬಿಯಲ್ಲಿ ಹಾಕಿ ದಾರ ಕಟ್ಟಿಕೊಡುವ ಕೇಕಿಗೆ ಯಾವ ಗುರುತೂ ಇರುವುದಿಲ್ಲ. ಕಳೆದ ಸಲ ಒಂದು ಅಂಗಡಿಯಲ್ಲಿ ಕೇಳಿದಾಗ ಗಲ್ಲಾಪೆಟ್ಟಿಗೆಯಲ್ಲಿದ್ದವರು ‘ಹಾಕಿರ್ತಾರೆ ಅನ್ಸುತ್ತೆ’ ಎಂದರು. ಅನಿಸಿಕೆಯ ಮೇಲೆ ನೆರೆಮನೆಗೆ ತಟ್ಟೆ ಕಳುಹಿಸಲಾಗುವುದಿಲ್ಲ. ಮಹಿಳಾ ಸ್ವಸಹಾಯ ಗುಂಪುಗಳೂ ಈ ಕೆಲಸಕ್ಕೆ ಕೈಹಾಕಬಹುದು. ಮೇಲೆ ಹೇಳಿದ ಯೋಜನೆಯಲ್ಲಿ ಕಿರು ಉದ್ಯಮಗಳಿಗೆ ಬ್ಯಾಂಕ್ ಸಾಲದೊಂದಿಗೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನಕ್ಕೆ ಅವಕಾಶ ಮಾಡಲಾಗಿತ್ತು. ಅನಾನಸ್ ಕುದಿಸಿ ಒಣಗಿಸಿ, ಮಾದಲದ ಸಿಪ್ಪೆ ಹದಮಾಡಿ ಬೇಕರಿಗಳಿಗೆ ಒದಗಿಸುವ ಒಂದು ಘಟಕ ತಾಲ್ಲೂಕಿಗೊಂದಿದ್ದರೂ ಟೂಟಿಫ್ರೂಟಿಯ ಚೀಲ ತರಿಸುವ ಪ್ರಮೇಯ ಬರುವುದಿಲ್ಲ.

ಕೊನೆಯದಾಗಿ ನಿಮ್ಮಲ್ಲೇ ಒಂದು ಬೇಡಿಕೆ. ಹಬ್ಬದ ಅಡುಗೆಯ ಪುಟ ಸಾಮಾನ್ಯವಾಗಿ ಡಿಸೆಂಬರ್ 24ಕ್ಕೋ ಹಬ್ಬದ ದಿನವೋ ಪ್ರಕಟವಾಗುತ್ತದೆ. ಅಷ್ಟು ಹೊತ್ತಿಗೆ ಮನೆಗಳಲ್ಲಿ ಒಲೆಯ ಕೆಲಸ ಮುಗಿದು ಎಲ್ಲರೂ ರಾತ್ರಿಯ ಪೂಜೆಗೆ ಹೊರಡುವ ಸಿದ್ಧತೆಯಲ್ಲಿರುತ್ತಾರೆ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವಿನ ಭಾನುವಾರದಂದು ಶುರುವಾಗುತ್ತದೆ. ಸಿಪ್ಪೆಗೆ ಪಾಕ ಹಿಡಿಯಲು ಒಂದು ವಾರ, ಹಣ್ಣು ಒಣಗಲು ಮೂರು ನಾಲ್ಕು ದಿನದ ಬಿಸಿಲು ಬೇಕಾಗುವುದರಿಂದ, ಈ ವರ್ಷ ಆ ಭಾನುವಾರದ ಪುರವಣಿಯಲ್ಲೇ ಹಣ್ಣಿನ ಬ್ರೆಡ್ಡಿನ ವಿಧಾನವನ್ನು ಲೋಟ, ಬಟ್ಟಲುಗಳ ಲೆಕ್ಕದಲ್ಲಲ್ಲದೆ ಗ್ರಾಮಿನ ತೂಕದಲ್ಲಿ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಗೃಹಿಣಿ, ಸಾಗರ